ಜವರಮ್ಮ ಮೇಡಂ ಮತ್ತು ಮುಗಿಯದ ಎರಡನೇ ಅಧ್ಯಾಯ

ಜವರಮ್ಮ ಮೇಡಂ ಕ್ಲಾಸಿಗೆ ಹೊರಟರೆ ಕೈಯಲ್ಲಿ ಚಾಕ್‌ಪೀಸ್ ಇರುತ್ತಿತ್ತೋ ಇಲ್ಲವೋ, ಕತ್ತರಿಯಂತೂ ಇದ್ದೇ ಇರುತ್ತಿತ್ತು. ಮಕ್ಕಳು ಬಣ್ಣದ ಕಾಗದ ಕತ್ತರಿಸುವ ಪುಟಾಣಿ ಕತ್ತರಿಯಲ್ಲ. ದರ್ಜಿಗಳು ಬಟ್ಟೆಗೆ ಹಾಕುವ, ಕಪ್ಪು ಹಿಡಿಯ, ಮೇಜಿನ ಮೇಲಿಟ್ಟರೆ ಠಣ್ಣೆನ್ನುವ ಭಾರದ ಕತ್ತರಿ. ನಾನು ಅವರನ್ನು ಮೊದಲ ಸಲ ನೋಡಿದ್ದು ದ್ವಿತೀಯ ಪಿಯುಸಿ ಸೈನ್ಸ್ ಕ್ಲಾಸಿನ ಬಾಗಿಲಲ್ಲಿ ನಿಂತುಕೊಂಡು. ಒಳಗೆ ಒಬ್ಬ ಹುಡುಗ ಬಟರ್ ಪೇಪರಿನ ಉದ್ದನೆಯ ಹಾಳೆಯನ್ನು ಎರಡೂ ಕೈ ಚಾಚಿ ಹಿಡಿದಿದ್ದ. ಅದರ ಮೇಲೆ ಸೈನ್ ಗ್ರಾಫ್ ಏರಿಳಿಯುತ್ತಾ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಮೇಡಂ ಕತ್ತರಿಯ ಬಾಯಿ ತೆರೆದುಕೊಂಡು, "ಎಲ್ಲಿಂದ ಎಲ್ಲೀಗಂಟ ಕತ್ತರಿಸ್ಲಿ, ಬೇಗ ಹೇಳ್ರೋ, ಪಾಪ ಅವನ ಕೈ ನೋಯ್ತಾವೆ" ಎನ್ನುತ್ತಿದ್ದರು.

ನನ್ನ ಬ್ಯಾಗಿನಲ್ಲಿ ಆ ಕಾಲೇಜಿಗೆ ಗಣಿತದ ಉಪನ್ಯಾಸಕನಾಗಿ ನೇಮಕಗೊಂಡ ಆದೇಶವಿತ್ತು. ಅದು ಹೆಚ್.ಡಿ. ಕೋಟೆ ತಾಲೂಕಿನ ಒಂದು ಸರ್ಕಾರಿ ಪಿಯು ಕಾಲೇಜು. ಅಲ್ಲಿ ಗಣಿತಕ್ಕೆ ಇದ್ದದ್ದು ಒಂದೇ ಹುದ್ದೆ. ಅದು ಖಾಲಿ ಇದ್ದಷ್ಟು ವರ್ಷವೂ ಜವರಮ್ಮ ಮೇಡಂ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿಕೊಂಡು ಬಂದಿದ್ದರು. ಖಾಯಂ ಆದವರು ಬಂದ ದಿನವೇ ಅತಿಥಿಗಳು ಹೊರಡಬೇಕು, ನಿಯಮ ಇರುವುದೇ ಹಾಗೆ. ನಾನು ಯಾರ ಜಾಗವನ್ನೂ ಕಿತ್ತುಕೊಳ್ಳಲು ಹೋದವನಲ್ಲ, ಪರೀಕ್ಷೆ ಬರೆದು, ಕಾದು, ಕೊನೆಗೆ ಕರೆ ಬಂದಾಗ ಹೋದವನು. ಆದರೂ ಆ ಬಾಗಿಲಲ್ಲಿ ನಿಂತು ಕತ್ತರಿ ಹಿಡಿದ ಆ ಹೆಂಗಸನ್ನು ನೋಡಿದಾಗ ಬ್ಯಾಗು ಯಾಕೋ ಭಾರವಾಯಿತು.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಕೆಟ್ಟ ಸುದ್ದಿ ಹೇಳಲಾರದವರು. ಆ ಬಾಗಿಲಲ್ಲೇ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಮೇಡಂ, ಇವರು ಕೆ.ಆರ್. ನಗರದೋರು, ಮ್ಯಾಥ್ಸು" ಎಂದಷ್ಟೇ ಹೇಳಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಮೇಡಂಗೆ ಅಷ್ಟು ಸಾಕಾಯಿತು. ಕತ್ತರಿಯನ್ನು ಮೇಜಿನ ಮೇಲಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬಂದಿದ್ದು ನಂಗೆ ಬೇಜಾರಿಲ್ಲ ಕಣ್ರೀ ಸಾರ್. ಬರ್ಬೇಕಾದೋರು ಬಂದ್ರಿ. ಆದ್ರೆ ಇವಾಗ್ತಾನೆ ಎರಡನೇ ಚಾಪ್ಟರ್ ಶುರು ಮಾಡಿವ್ನಿ. ಸೈನ್ ಇನ್ನೂ ಅರ್ಧಕ್ಕದೆ. ಇಂಗೆ ನಡುವಲ್ಲಿ ಬುಟ್ಟೋದ್ರೆ ಮಕ್ಕಳಿಗೆ ಕಟ್ಟಿದ್ದೂ ಬಿಚ್ಚೋಯ್ತದೆ. ಇದೊಂದು ಮುಗಿಸ್ಕೊಟ್ಟು ಓಯ್ತೀನಿ" ಎಂದರು.

ಎರಡನೇ ಚಾಪ್ಟರ್ ಎಂದರೆ ಇನ್ವರ್ಸ್ ಟ್ರಿಗನಾಮೆಟ್ರಿಕ್ ಫಂಕ್ಷನ್ಸ್. ಪಿಯುಸಿ ಓದದವರಿಗೆ ಹೆಸರು ಕೇಳಿದರೆ ದಿಗಿಲಾಗಬಹುದು, ವಿಷಯ ಅಷ್ಟೇನೂ ಕಷ್ಟದ್ದಲ್ಲ. ಸೈನ್‌ಗೆ ಒಂದು ಕೋನ ಕೊಟ್ಟರೆ ಅದು ಒಂದು ಸಂಖ್ಯೆ ಕೊಡುತ್ತದೆ. ಮೂವತ್ತು ಡಿಗ್ರಿ ಕೊಟ್ಟರೆ ಅರ್ಧ. ಈಗ ತಿರುಗಿಸಿ ಕೇಳಿ, ಅರ್ಧ ಬಂದಿದೆ, ಕೋನ ಯಾವುದು ಎಂದು. ಮೂವತ್ತು ಎನ್ನಬಹುದು, ನೂರೈವತ್ತೂ ಎನ್ನಬಹುದು, ಗ್ರಾಫಿನುದ್ದಕ್ಕೂ ನಡೆದರೆ ಆ ಎತ್ತರದ ಕೋನಗಳು ಕೊನೆಯಿಲ್ಲದಷ್ಟು ಸಿಗುತ್ತವೆ. ಹಾಗಾಗಿ ಗ್ರಾಫಿನ ಒಂದು ತುಂಡನ್ನು ಮಾತ್ರ ಇಟ್ಟುಕೊಂಡು, ಉತ್ತರ ಯಾವಾಗಲೂ ಆ ತುಂಡಿನಿಂದಲೇ ಬರಬೇಕು ಎಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಅಧ್ಯಾಯದ ಜೀವ ಇರುವುದು ಇಷ್ಟರಲ್ಲೇ.

ನಾನು ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಇದನ್ನು ವಾರದೊಳಗೆ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದವನು. ಮುಗಿಸಲಿ, ಎಷ್ಟು ದಿನ ಆದೀತು ಎಂದುಕೊಂಡೆ. "ಆಗಲಿ ಮೇಡಂ, ಎಲ್ಲರಿಗೂ ಅರ್ಥ ಆಗುವವರೆಗೆ ನೀವೇ ಮಾಡಿ, ಆಮೇಲೆ ನಾನು ತಗೊಳ್ತೀನಿ" ಎಂದೆ. ಪ್ರಿನ್ಸಿಪಾಲರು, ಸಂಬಳ ಕೊಡಲಾಗುವುದಿಲ್ಲ ಎಂದು ಕ್ಯಾಲೆಂಡರಿಗೆ ಹೇಳಿದರು. ಮೇಡಂ ಅದಕ್ಕೂ ತಲೆಯಾಡಿಸಿದರು. ಈ ಮಾತೆಲ್ಲ ನಡೆದದ್ದು ಕ್ಲಾಸಿನ ಬಾಗಿಲಲ್ಲೇ. ಒಳಗೆ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿತ್ತು. ಅದು ನನ್ನ ಗಮನಕ್ಕೆ ಬರಲಿಲ್ಲ.

ಹಾಗೆ ನಾನು ನನ್ನದೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಯಾದೆ. ಪ್ರಥಮ ಪಿಯುಸಿಗೆ ಪಾಠ ಮಾಡಿ ಬಂದು ಇಲ್ಲಿ ಕೂರುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಬೋರ್ಡಿನ ಮೇಲೆ ಮೇಡಂ ಬರೆಯುವ ಗ್ರಾಫ್ ದೇವರಿಗೇ ಪ್ರೀತಿ. ಸೈನ್ ಕರ್ವ್ ಒಮ್ಮೆ ಕೆರೆ ಏರಿಯಂತೆ ಚಪ್ಪಟೆ, ಇನ್ನೊಮ್ಮೆ ಎಮ್ಮೆ ಬೆನ್ನಿನಂತೆ ಚೂಪು. ಅದೇ ಕೈಗೆ ಬಟರ್ ಪೇಪರ್ ಮತ್ತು ಕತ್ತರಿ ಕೊಟ್ಟರೆ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಬೇಸಿಗೆಯ ರಜೆಯಲ್ಲಿ ಅತಿಥಿಗಳಿಗೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಆಗೆಲ್ಲ ಅವರು ಊರಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಕತ್ತರಿ, ಬಟರ್ ಪೇಪರು, ಸೀರೆಗೆ ಅಂಟಿಕೊಂಡ ನೂಲಿನ ಎಳೆ, ಎಲ್ಲ ಅಲ್ಲಿಂದ ಕ್ಲಾಸಿಗೆ ಬಂದಿದ್ದವು.

ಆ ಮೊದಲ ದಿನ ಹಾಳೆ ಹಿಡಿದಿದ್ದವನು ಹಂಪಾಪುರದ ಚೇತನ, ಕ್ಲಾಸಿನ ವಾಚಾಳಿ. ಬಾಗಿಲಿನ ಮಾತು ಮುಗಿದು ನಾನು ಹಿಂದೆ ಹೋಗಿ ಕೂತ ಮೇಲೆ, "ಸೊನ್ನೆಯಿಂದ ಪೈವರೆಗೆ ಕತ್ತರಿಸಿ ಮೇಡಂ, ಗುಡ್ಡ ಪೂರ್ತಿ ಸಿಕ್ತದೆ" ಎಂದ. ಬೇರೆ ಮೇಷ್ಟರಾಗಿದ್ದರೆ ತಪ್ಪು ಎಂದು ತಲೆಗೊಂದು ಮೊಟಕುತ್ತಿದ್ದರು. ಮೇಡಂ ಚಕಚಕನೆ ಅಲ್ಲೇ ಕತ್ತರಿಸಿ ತುಂಡನ್ನು ಅವನ ಕೈಗೆ ಕೊಟ್ಟರು.

"ಈಗ ಮೈನಸ್ ಅರ್ಧ ಎಲ್ಲದೆ ತೋರ್ಸು."

ಚೇತನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಲ್ಲ ಮೇಡಂ."

"ಪ್ಲಸ್ ಅರ್ಧ?"

"ಎರಡು ಕಡೆ ಅದೆ."

"ಬೇಕಾದ್ದು ಒಂದೂ ಇಲ್ಲ, ಇರೋದು ಎರಡೆರಡು. ಇಂಗೆ ಕತ್ತರಿಸಿದ್ರೆ ಎರಡು ತೋಳೂ ಒಂದೇ ಕಡೆ ಬತ್ತವೆ ಕಣ್ಲಾ. ನಿಮ್ಮವ್ವಂಗೆ ಅಂಥ ಬ್ಲೌಸ್ ಒಲ್ಕೊಡ್ಲಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ಇನ್ನೊಂದು ಹಾಳೆ ತೆಗೆದು ಈ ಸಲ ಮೈನಸ್ ಪೈ ಬೈ ಎರಡರಿಂದ ಪ್ಲಸ್ ಪೈ ಬೈ ಎರಡರವರೆಗೆ ಕತ್ತರಿಸಿದರು. ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ ಎಲ್ಲ ಎತ್ತರವೂ ಅದರಲ್ಲಿತ್ತು, ಒಂದೊಂದೇ ಸಲ. ಅದನ್ನು ಸೊನ್ನೆಯ ಮೇಲೆ ಹಾಯುವಂತೆ ಓರೆಯಾಗಿ, ದರ್ಜಿಗಳು ಕ್ರಾಸ್ ಪೀಸ್ ಮಡಿಸುವ ಹಾಗೆ ಮಡಿಸಿ, ಆಚೆ ಬದಿಯಲ್ಲಿ ಗೆರೆಯ ಮೇಲೆ ಗೆರೆ ಎಳೆಸಿದರು. ಬಿಚ್ಚಿದರೆ, ಮಲಗಿದ್ದ ಗೆರೆ ಎದ್ದು ನಿಂತಿತ್ತು. "ಇದೇ ಸೈನ್ ಇನ್ವರ್ಸು. ಎದ್ರಿಕೊಳ್ಳಕ್ಕೆ ಏನದೆ ಇದ್ರಲ್ಲಿ" ಎಂದರು. ನಾನು ಎಂ.ಎಸ್ಸಿ. ಮಾಡಿದವನು. ಆ ಗ್ರಾಫನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಅದು ಮಡಿಕೆಯೊಳಗಿಂದ ಹುಟ್ಟಿ ಬರುವುದನ್ನು ಮಾತ್ರ ಅವತ್ತೇ ನೋಡಿದ್ದು. ಖುಷಿಯಾಯಿತು ಎನ್ನಲು ಸಂಕೋಚವಿಲ್ಲ.

ಆಗ ಮೊದಲ ಬೆಂಚಿನಿಂದ ಮಂಜುಳ ಎದ್ದಳು. ಕಾಡಂಚಿನ ಗಿರಿಜನರ ಹಾಡಿಯಿಂದ ಬರುತ್ತಿದ್ದ ಹುಡುಗಿ, ಮಾತು ಕಡಿಮೆ, ಲೆಕ್ಕ ತಪ್ಪಿದ್ದು ಯಾರೂ ಕಂಡಿಲ್ಲ. "ಮೇಡಂ, ಪಕ್ಕದ ತುಂಡಲ್ಲೂ ಎಲ್ಲ ಎತ್ತರ ಒಂದೊಂದೇ ಸಲ ಅದೆಯಲ್ಲ. ಅದನ್ನ ಯಾಕೆ ಇಟ್ಕಂಡಿಲ್ಲ?" ಎಂದು ಕೇಳಿದಳು.

"ಅದೂ ಸರಿಯಾದ ತುಂಡೇ ಕಣ್ ಮಗ. ಅದ್ರಲ್ಲಿ ಏನೂ ಕೊರತೆ ಇಲ್ಲ. ಎಲ್ರೂ ಸೇರಿ, ಸೊನ್ನೆ ಇರೋ ತುಂಡು ಇಟ್ಕಳನ ಅಂತ ಮಾತಾಡ್ಕಂಡವ್ರೆ. ಮಿಕ್ಕಿದ್ದು ತಪ್ಪು ಅಂತಲ್ಲ, ಇಟ್ಕಂಡಿಲ್ಲ ಅಷ್ಟೇಯ" ಎಂದರು ಮೇಡಂ. ನಾನು ಹಿಂದಿನ ಬೆಂಚಿನಲ್ಲಿ ಪುಸ್ತಕದೊಳಗೆ ಮುಖ ಹಾಕಿಕೊಂಡೆ.

ಮೇಡಂ ಅವರ ಊರು ಗಾವಡಗೆರೆ ಹತ್ತಿರದ ಒಂದು ಹಳ್ಳಿ. ಅಲ್ಲಿಂದ ಹುಣಸೂರಿಗೆ ಒಂದು ಬಸ್ಸು, ಹುಣಸೂರಿನಿಂದ ಹೆಚ್.ಡಿ. ಕೋಟೆ ಕಡೆಗೆ ಇನ್ನೊಂದು. ನಾನು ಕೆ.ಆರ್. ನಗರದಿಂದ ಬಂದು ಹುಣಸೂರಿನಲ್ಲೇ ಬಸ್ಸು ಬದಲಿಸುತ್ತಿದ್ದೆ. ಹಾಗಾಗಿ ಎರಡನೇ ಬಸ್ಸಿನಲ್ಲಿ ಇಬ್ಬರೂ ಜೊತೆ. ಡ್ರೈವರ್ ಹಿಂದಿನ ಕಿಟಕಿ ಸೀಟು ಅವರದ್ದು, ಅದರಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕೂತ ತಕ್ಷಣ ಬ್ಯಾಗಿನಿಂದ ಬ್ಲೌಸ್ ತೆಗೆದು ಅಂಚು ಮಡಿಸಿ ಹೆಮ್ಮಿಂಗ್ ಶುರು. ರಸ್ತೆ ಗುಂಡಿ ಬಂದರೆ ಸೂಜಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವರು, ಗುಂಡಿ ದಾಟಿದ ಮೇಲೆ ಬಟ್ಟೆಗೆ ಚುಚ್ಚುವರು. ದಾರಿಯ ಯಾವುದೋ ಸ್ಟಾಪಿನಲ್ಲಿ ಹೆಂಗಸೊಬ್ಬಳು ಕಿಟಕಿ ಕೆಳಗೆ ನಿಂತಿರುತ್ತಿದ್ದಳು. ಮೇಡಂ ಮಡಿಸಿದ ಬ್ಲೌಸನ್ನು ಕಿಟಕಿಯಿಂದ ಕೊಟ್ಟು, "ಮೊದ್ಲು ಆಕ್ಕಂಡು ನೋಡವ್ವ, ಕಂಕುಳು ಬಿಗಿಯಾದ್ರೆ ಸಂಜೆ ಬಸ್ಸಲ್ಲಿ ಕೊಡು" ಎನ್ನುತ್ತಿದ್ದರು. ಕಂಡಕ್ಟರು ಅಲ್ಲಿಯವರೆಗೂ ಸೀಟಿ ಊದುತ್ತಿರಲಿಲ್ಲ. ಅವನ ಹೆಂಡತಿಯ ಬ್ಲೌಸೂ ಅದೇ ಬ್ಯಾಗಿನಲ್ಲಿತ್ತು.

ಆ ಬಸ್ಸಿನಲ್ಲೇ ನಾವು ಜಗಳವಾಡುತ್ತಿದ್ದೆವು. ನನಗೆ ಮೈಸೂರಿನಲ್ಲಿ ರೂಢಿಯಾಗಿದ್ದದ್ದು ಶಾರ್ಟ್‌ಕಟ್. ಕೋನ ಪೈ ಬೈ ಎರಡು ದಾಟಿದ್ದರೆ ಪೈನಿಂದ ಕಳೆ, ಉತ್ತರ ಬರೆ, ಮುಂದಿನ ಪ್ರಶ್ನೆಗೆ ಹೋಗು. "ಎರಡು ಸಾಲಿನಲ್ಲಿ ಮುಗಿಯೋದಕ್ಕೆ ನೀವು ಕತ್ತರಿ, ಪೇಪರು ಅಂತ ಯಾಕೆ ಇಷ್ಟು ಒದ್ದಾಡ್ತೀರಿ ಮೇಡಂ" ಎಂದೆ ಒಮ್ಮೆ.

ಅವರು ಹಲ್ಲಿನಲ್ಲಿ ನೂಲು ಕಡಿದು, "ಅದು ರೆಡಿಮೇಡ್ ಕಣ್ರೀ ಸಾರ್. ಕೆಲವ್ರಿಗೆ ಸರಿಯಾಯ್ತದೆ, ಕೆಲವ್ರಿಗೆ ಬಿಗಿ, ಕೆಲವ್ರಿಗೆ ಸಡ್ಲ. ಸೈನ್‌ಗೆ ಆಗೋ ಶಾರ್ಟ್‌ಕಟ್ಟು ಕಾಸ್‌ಗೆ ಆಗಲ್ಲ, ಟ್ಯಾನ್‌ಗೆ ಮೊದ್ಲೇ ಆಗಲ್ಲ. ಅಳತೆ ತಗಳೋದು ಕಲ್ಸಿ, ಮಕ್ಕಳು ತಾವೇ ಒಲ್ಕತ್ತವೆ" ಎಂದರು.

"ಹಾಗೆ ಮಾಡಿದರೆ ಸಿಲಬಸ್ ಮುಗಿಯಲ್ಲ."

"ಮುಗಿಯಲ್ಲ" ಎಂದು ಒಪ್ಪಿಕೊಂಡರು, ಕಿಂಚಿತ್ತೂ ನಾಚಿಕೆಯಿಲ್ಲದೆ.

ಅದು ನಿಜ. ಅವರ ಸಿಲಬಸ್ ಯಾವ ವರ್ಷವೂ ನೆಟ್ಟಗೆ ಮುಗಿದದ್ದಿಲ್ಲ. ಕೊನೆಯ ಪ್ರಾಬಬಿಲಿಟಿ ಅಧ್ಯಾಯವನ್ನು ರಜೆಯ ದಿನ ಮಕ್ಕಳನ್ನು ಕರೆಸಿ ಓಡಿಸುತ್ತಿದ್ದರಂತೆ. ಬೆಳಗಿನ ಬೆಲ್ಲಿಗೆ ಬರುತ್ತಿರಲಿಲ್ಲ, ಸಂಜೆಯ ಬೆಲ್ಲಿಗೆ ಬಿಡುತ್ತಿರಲಿಲ್ಲ. ಮುಂಗೋಪ ಬೇರೆ. ಯಾರಾದರೂ ಸೈನ್ ಇನ್ವರ್ಸ್ ಎಂದರೆ ಒಂದು ಭಾಗಿಸು ಸೈನ್ ಎಂದು ಬರೆದರೋ, ಅವತ್ತು ಆ ಬೆಂಚಿಗೆ ಗ್ರಹಚಾರ. ಸೈನ್ ಇನ್ವರ್ಸ್ ಎರಡು ಎಷ್ಟು ಎಂದು ಚೇತನ ತರಲೆ ಮಾಡಿದಾಗ, "ಆ ಅಳತೇಗೆ ಬಟ್ಟೇನೇ ಇಲ್ಲ, ಕುಂತ್ಕೊ" ಎಂದು ಕೂರಿಸಿದ್ದರು. ಸೈನ್ ಒಂದಕ್ಕಿಂತ ಮೇಲೆ ಏರುವುದೇ ಇಲ್ಲ ಎಂಬುದನ್ನು ಆ ಕ್ಲಾಸು ಇನ್ನು ಮರೆಯಲಾರದು.

ಆಷಾಢ ಕಳೆಯುತ್ತಾ ಬಂತು. ಸೈನ್ ಆಗಿ, ಕಾಸ್ ಆಗಿ, ಟ್ಯಾನ್ ಆಯಿತು. ಟ್ಯಾನ್ ಇನ್ವರ್ಸಿನ ಗೆರೆ ಮೇಲೊಂದು ಕೆಳಗೊಂದು ಅಡ್ಡಗೆರೆಯ ನಡುವೆಯೇ ಹರಿದು ಹೋಗುತ್ತದೆ, ಎಷ್ಟು ದೂರ ಹೋದರೂ ಅವನ್ನು ಮುಟ್ಟುವುದಿಲ್ಲ. "ಅತ್ರ ಅತ್ರ ಓಯ್ತದೆ, ಮುಟ್ಟಲ್ಲ. ಮುಟ್ಸೋರ್ಗೆ ನನ್ ಕೈಲಿ ಏಟು" ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಆಮೇಲೆ ಸೆಕ್, ಕೋಸೆಕ್, ಕಾಟ್. ನಾನು ಒಂದು ದಿನವೂ ಅವಸರಪಡಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಮುಗಿಯುವುದು ಬೇಕಿರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಬಸ್ಸಿನಲ್ಲಿ ಅವರು ಒಂದು ಮಾತು ಹೇಳಿದ್ದರು. ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಗೆಳೆಯರಿಗೆಲ್ಲ ಫೋನ್ ಮಾಡಿ, ಎಲ್ಲಾದರೂ ಗಣಿತಕ್ಕೆ ಅತಿಥಿ ಬೇಕಾಗಿದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ಪ್ರಿನ್ಸಿಪಾಲರೂ ವಿಚಾರಿಸುತ್ತಿದ್ದರು. ಎಲ್ಲ ಕಡೆಯೂ ಒಂದೇ ಉತ್ತರ. ಜೂನ್‌ನಲ್ಲೇ ತಗೊಂಡಾಯ್ತು, ಮುಂದಿನ ವರ್ಷ ನೋಡೋಣ. ಒಂದು ವರ್ಷ ತಾನೇ ಮೇಡಂ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆದುಹೋಗುತ್ತದೆ ಎಂದು ಸಮಾಧಾನಕ್ಕೆ ಹೇಳಿದೆ.

ಮೇಡಂ ಹೊಲಿಯುವುದನ್ನು ನಿಲ್ಲಿಸಿದರು. "ನಿಮಗೆ ಗೊತ್ತಿಲ್ಲ ಕಣ್ರೀ ಸಾರ್. ನಮ್ಮನೇಲಿ ಮೊದ್ಲಿಂದ್ಲೂ ಹೇಳ್ತಾನೇ ಅವ್ರೆ, ಆ ಪಾಠ ಬುಡು, ಇಲ್ಲೇ ಕುಂತು ಮಿಷಿನ್ ತುಳಿ, ಎರಡರಷ್ಟು ಬತ್ತದೆ ಅಂತ. ಸುಳ್ಳಲ್ಲ, ಬತ್ತದೆ. ನಾನೇ ಆಗಲ್ಲ ಅಂತ ಬತ್ತಾ ಇವ್ನಿ. ಒಂದ್ಸಲ ಮನೇಲಿ ಕುಂತ್ರೆ ಮುಗೀತು. ಮಿಷಿನ್ ಮುಂದೆ ಕುಂತೋಳನ್ನ ಮತ್ತೆ ಯಾರೂ ಬೋರ್ಡ್ ಮುಂದೆ ನಿಲ್ಸಲ್ಲ" ಎಂದರು. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ಹೋಗುತ್ತಿದ್ದವು. ಮಡಿಲಲ್ಲಿದ್ದ ಬಟ್ಟೆ ಎತ್ತಿ ತೋರಿಸಿ, "ಬ್ಲೌಸ್ ಕೊಟ್ರೆ ಆಕ್ಕಂಡು ಓಯ್ತಾರೆ. ಇದು ಅಂಗಲ್ಲ. ಒಂದು ಮಗೀಗೆ ಗೊತ್ತಾದಾಗ ಮುಖ ಎಂಗಾಯ್ತದೆ ನೋಡಿದ್ದೀರಲ್ಲ" ಎಂದು ಮತ್ತೆ ಸೂಜಿ ಹಿಡಿದರು.

ಅಂತೂ ಆರೂ ಗ್ರಾಫ್ ಮುಗಿದವು. ನಾನೊಂದು ಸಣ್ಣ ಟೆಸ್ಟ್ ಕೊಟ್ಟೆ. ಎಲ್ಲರೂ ಪಾಸಾಗುತ್ತಾರೆ, ಮೇಡಂಗೊಂದು ಶಾಲು ಹೊದಿಸಿ ಕಳಿಸಿಕೊಡೋಣ ಎಂದು ಪ್ರಿನ್ಸಿಪಾಲರು ಆಗಲೇ ಮಾತಾಡಿಕೊಂಡಿದ್ದರು. ಪೇಪರ್ ತಿದ್ದಲು ಕೂತ ನನಗೆ ಕಕ್ಕಾಬಿಕ್ಕಿ. ಅರ್ಧಕ್ಕರ್ಧ ಕ್ಲಾಸು ಫೇಲು. ಮೇಡಂ ಪೇಪರುಗಳನ್ನು ಎತ್ತಿಯೂ ನೋಡದೆ, ಆಯ್ತು, ಇನ್ನೊಂದು ಸಲ ಮಾಡ್ತೀನಿ ಎಂದು ಮೊದಲಿನಿಂದ ಶುರು ಮಾಡಿದರು. ಮತ್ತೆ ಬಟರ್ ಪೇಪರ್, ಮತ್ತೆ ಕತ್ತರಿ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಇನ್ನೊಂದು ಟೆಸ್ಟ್ ಆಯಿತು. ಈ ಸಲ ಒಬ್ಬರೂ ಪಾಸಾಗಲಿಲ್ಲ. ಮಂಜುಳ ಕೂಡ.

ಆ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಮೇಡಂ ಊಟದ ಡಬ್ಬಿ ಬಿಚ್ಚಲಿಲ್ಲ. ಅವರನ್ನು ಅಷ್ಟು ಕುಗ್ಗಿದ್ದು ನಾನು ನೋಡಿರಲಿಲ್ಲ. "ನಂಗೇ ಬರಲ್ಲ ಸಾರ್. ಇಷ್ಟು ವರ್ಷ ಬತ್ತದೆ ಅಂದ್ಕಂಡಿದ್ದೆ. ಮಂಜುಳನೇ ತಪ್ಪು ಮಾಡವ್ಳೆ ಅಂದ್ರೆ ಇನ್ನೇನದೆ. ಒಳ್ಳೇದಾಯ್ತು ನೀವು ಬಂದಿದ್ದು. ನಾಳೆಯಿಂದ ನಿಮ್ ಶಾರ್ಟ್‌ಕಟ್ಟೇ ಹೇಳ್ಕೊಡಿ" ಎಂದರು. ನಾನು ತಿದ್ದಿದ ಪೇಪರುಗಳ ಕಟ್ಟನ್ನು ಅವರ ಕಡೆ ತಳ್ಳಿದೆ, ಎಲ್ಲಿ ಎಡವಿದ್ದಾರೋ ನೀವೇ ನೋಡಿ ಎಂದು.

ಅವರು ಮೊದಲು ಮಂಜುಳಳ ಪೇಪರ್ ತೆಗೆದರು. ಪ್ರಶ್ನೆ ಇದ್ದದ್ದು ಇಷ್ಟೇ: ಕಾಸ್ ಇನ್ವರ್ಸ್ ಆಫ್ ಕಾಸ್ ಏಳು ಪೈ ಬೈ ಆರು, ಎಷ್ಟು? ಮಾಮೂಲಿ ವಿದ್ಯಾರ್ಥಿ ಎರಡನ್ನೂ ಹೊಡೆದುಹಾಕಿ ಏಳು ಪೈ ಬೈ ಆರು ಎಂದೇ ಬರೆದುಬಿಡುತ್ತಾನೆ. ಅದು ತಪ್ಪು. ಆ ಕೋನ ಇರುವುದು ನಾವು ಇಟ್ಟುಕೊಂಡ ಸೊನ್ನೆಯಿಂದ ಪೈವರೆಗಿನ ತುಂಡಿನ ಆಚೆ. ಗ್ರಾಫಿನಲ್ಲಿ ಅದೇ ಎತ್ತರದಲ್ಲಿ ಹಿಂದಕ್ಕೆ ಬಂದರೆ ತುಂಡಿನೊಳಗೆ ಸಿಗುವುದು ಐದು ಪೈ ಬೈ ಆರು. ಮಂಜುಳ ಏಳು ಪೈ ಬೈ ಆರು ಎಂದೇ ಬರೆದಿದ್ದಳು. ನಾನು ಕೊನೆಯ ಸಾಲಷ್ಟೇ ನೋಡಿ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದ್ದೆ.

ಮೇಡಂ ಉತ್ತರ ನೋಡಲಿಲ್ಲ. ಪಕ್ಕದಲ್ಲಿದ್ದ ಗ್ರಾಫ್ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಚೇತನನ ಪೇಪರ್, ಇನ್ನೊಬ್ಬಳದು, ಮತ್ತೊಬ್ಬನದು. ಮೇಜಿನ ತುಂಬ ಹರಡಿಕೊಂಡು, "ಸಾರ್, ಬನ್ನಿ ಇಲ್ಲಿ" ಎಂದರು. ದನಿ ಬದಲಾಗಿತ್ತು.

ಎಲ್ಲ ಪೇಪರಿನಲ್ಲೂ ಗ್ರಾಫ್ ಸರಿಯಾಗಿತ್ತು. ಏಳು ಪೈ ಬೈ ಆರರಿಂದ ಅಡ್ಡಕ್ಕೆ ಚುಕ್ಕಿ ಗೆರೆ ಹೊರಟು, ತುಂಡಿನೊಳಗೆ ಬಂದು, ಐದು ಪೈ ಬೈ ಆರರ ಮೇಲೆ ನೀಟಾಗಿ ನಿಂತಿತ್ತು. ಅಷ್ಟೆಲ್ಲ ಮಾಡಿ, ಕೊನೆಯ ಸಾಲಿನಲ್ಲಿ ಉತ್ತರ ಮಾತ್ರ ತಪ್ಪು. ಒಬ್ಬರಲ್ಲ ಇಬ್ಬರಲ್ಲ, ಇಡೀ ಕ್ಲಾಸು. ಉತ್ತರವನ್ನು ಬೇಕೆಂದೇ ತಪ್ಪು ಬರೆಯಲು ಅವರಿಗೆ ಬಂದಿತ್ತು. ಗ್ರಾಫನ್ನು ತಪ್ಪು ಬರೆಯಲು ಕೈ ಬಂದಿರಲಿಲ್ಲ. ಎಲ್ಲರಿಗೂ ಅರ್ಥ ಆಗುವವರೆಗೆ ನೀವೇ ಮಾಡಿ ಎಂದು ಬಾಗಿಲಲ್ಲಿ ನಿಂತು ನಾನು ಹೇಳಿದ್ದ ಮಾತನ್ನು ಮಕ್ಕಳು ಹಿಡಿದುಕೊಂಡಿದ್ದರು. ಅರ್ಥವಾಗಿಲ್ಲ ಎಂದು ತೋರಿಸಿದಷ್ಟು ದಿನ ಮೇಡಂ ಇರುತ್ತಾರೆ ಎಂದು ಲೆಕ್ಕ ಹಾಕಿದ್ದರು.

ನನಗೆ ಮೊದಲು ನಗು ಬಂತು, ಆಮೇಲೆ ಕೆಂಪು ಪೆನ್ನನ್ನು ಜೇಬಿಗೆ ಹಾಕಿಕೊಂಡೆ. ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಕಳ್ಳ ನನ್ಮಕ್ಕಳು" ಎಂದರು. ಆಮೇಲೆ ಇನ್ನೊಂದು ಸಲ ಅದನ್ನೇ, ಮೆಲ್ಲಗೆ. ಮುಖ ನನ್ನ ಕಡೆ ತಿರುಗಿಸಲಿಲ್ಲ.

ಮುಂದಿನದನ್ನು ಬರೆಯುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ. ಆ ವರ್ಷ ಮೇಡಂಗೆ ಎಲ್ಲೂ ಜಾಗ ಸಿಗಲಿಲ್ಲ. ಮರುವರ್ಷವೂ ಸಿಗಲಿಲ್ಲ. ಈಗ ಗಾವಡಗೆರೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇದೆಯಂತೆ, ಮದುವೆ ಸೀಸನ್ನಿನಲ್ಲಿ ಕೂರಲು ಪುರುಸೊತ್ತಿಲ್ಲವಂತೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಸಿಲಬಸ್ ಎಲ್ಲಿಗೆ ಬಂತು ಎಂದು ಕೇಳುತ್ತಾರೆ, ಅಂಗಡಿಯ ಮಾತು ಎತ್ತುವುದಿಲ್ಲ. ಬಾ ಎಂದು ಅವರು ಕರೆದಿಲ್ಲ, ನಾನೂ ಹೋಗಿಲ್ಲ. ಹಾಗಾಗಿ ನಾನು ಅವರನ್ನು ಕಡೆಯದಾಗಿ ನೋಡಿದ್ದು ಆ ಪೇಪರುಗಳ ಮಾರನೆಯ ದಿನ, ಕ್ಲಾಸಿನಲ್ಲಿ.

ಅವತ್ತು ಅವರು ಬೆಲ್ಲಿಗೆ ಮುಂಚೆಯೇ ಬಂದಿದ್ದರು. ನಾನು ಹಿಂದಿನ ಬೆಂಚಿನಲ್ಲಿ ನನ್ನ ಜಾಗಕ್ಕೆ ಹೋಗಿ ಕೂತೆ. ಬೈಯುತ್ತಾರೆ ಎಂದುಕೊಂಡಿದ್ದೆ, ಮಕ್ಕಳೂ ಹಾಗೇ ಅಂದುಕೊಂಡಿದ್ದರು. ಮೇಡಂ ಬೈಯಲಿಲ್ಲ. ಬೋರ್ಡಿನ ಅರ್ಧಕ್ಕೆ ಕಾಸ್ ಇನ್ವರ್ಸಿನ ಅದೇ ಪ್ರಶ್ನೆ ಬರೆದು, "ಮಂಜುಳ, ಬಾ" ಎಂದರು.

ಮಂಜುಳ ಬಂದು ಗ್ರಾಫ್ ಬರೆದಳು. ಮೇಡಂ ಬರೆಯುವುದಕ್ಕಿಂತ ಎಷ್ಟೋ ಚೆನ್ನಾಗಿ ಬರೆದಳು. ಏಳು ಪೈ ಬೈ ಆರರಲ್ಲಿ ಚುಕ್ಕಿ ಇಟ್ಟು, ಅಡ್ಡಕ್ಕೆ ಗೆರೆ ಎಳೆದುಕೊಂಡು ಹಿಂದೆ ಬಂದು, ತುಂಡಿನೊಳಗೆ ಇನ್ನೊಂದು ಚುಕ್ಕಿ ಇಟ್ಟು ನಿಂತಳು.

"ಈಗ ಉತ್ತರ ಹೇಳು."

ಮಂಜುಳ ತಲೆ ತಗ್ಗಿಸಿದಳು.

"ಕೈಗೆ ಗೊತ್ತದೆ, ಬಾಯಿಗೆ ಏನಾಯ್ತು. ಹೇಳು ಮಗ."

"ಹೇಳಲ್ಲ ಮೇಡಂ."

"ಯಾಕೆ?"

"ಹೇಳಿದ್ರೆ ನೀವು ಓಯ್ತೀರಿ."

ಚೇತನ ಮೇಜಿನ ಮೇಲೆ ಕೈಯಿಟ್ಟು ಅದರೊಳಗೆ ಮುಖ ಹುದುಗಿಸಿದ್ದ. ಮೇಡಂ ಮಂಜುಳಳ ಹತ್ತಿರ ಹೋಗಿ ಅವಳ ಗಲ್ಲಕ್ಕೆ ಮೆತ್ತಿದ್ದ ಚಾಕ್ ಪುಡಿಯನ್ನು ಸೆರಗಿನಿಂದ ಒರೆಸಿದರು.

"ನೀನು ಹೇಳ್ದೆ ಇದ್ರೂ ಓಯ್ತೀನಿ ಕಣ್ ಮಗ. ಸಾರ್ ಬಂದವ್ರೆ, ಅವ್ರ ಜಾಗ ಇದು. ಹೇಳ್ದೆ ಇದ್ರೆ ಬರೀ ಓಯ್ತೀನಿ. ಹೇಳಿದ್ರೆ ಮುಗಿಸಿ ಓಯ್ತೀನಿ. ನಂಗ್ ಎಂಗ್ ಕಳಿಸ್ತೀರಿ, ನೀವೇ ನೋಡಿ."

ಮಂಜುಳಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಬೋರ್ಡಿನ ಕಡೆ ತಿರುಗಿ, ಎರಡನೇ ಚುಕ್ಕಿಯ ಮೇಲೆ ಬೆರಳಿಟ್ಟಳು. "ಐದು ಪೈ ಬೈ ಆರು."

"ಯಾಕೆ?"

"ನಾವು ಇಟ್ಕಂಡಿರೋ ತುಂಡಲ್ಲಿ ಆ ಎತ್ತರಕ್ಕೆ ಇರೋ ಕೋನ ಅದೊಂದೇ ಮೇಡಂ."

ಮೇಡಂ ಚೇತನನನ್ನು ಎಬ್ಬಿಸಿದರು. ಅವನೂ ಹೇಳಿದ. ಆಮೇಲೆ ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರೇ ಎದ್ದು, ಅಳುತ್ತಾ ಮೂಗು ಒರೆಸಿಕೊಳ್ಳುತ್ತಾ, ಅದೇ ಉತ್ತರವನ್ನು ಸರಿಯಾಗಿ ಹೇಳಿ ಕೂತರು. ಒಬ್ಬರೂ ತಪ್ಪಲಿಲ್ಲ. ಕೊನೆಯ ಹುಡುಗಿ ಕೂತ ಮೇಲೆ ಮೇಡಂ ಬೋರ್ಡಿನ ಮೇಲೆ ಆ ಗ್ರಾಫಿನ ಪಕ್ಕ ದೊಡ್ಡದೊಂದು ರೈಟ್ ಹಾಕಿದರು.

"ಸಾರ್, ಮುಗೀತು" ಎಂದು ನನ್ನನ್ನು ಕರೆದರು.

ನಾನು ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬಂದೆ. ಅವರು ಚಾಕ್‌ಪೀಸನ್ನು ನನ್ನ ಕೈಗಿಟ್ಟು, ಮಕ್ಕಳ ಕಡೆ ಒಂದು ಸಲ ನೋಡಿ, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಹೋದರು. ಜಗಲಿಯಲ್ಲಿ ಅವರ ಚಪ್ಪಲಿ ಸದ್ದು ದೂರವಾಯಿತು. ಮಕ್ಕಳು ಯಾವಾಗ ಎದ್ದು ನಿಂತರೋ ನನಗೆ ತಿಳಿಯಲಿಲ್ಲ.

ಮೂರನೇ ಅಧ್ಯಾಯ ತೆಗೆಯಿರಿ, ಮ್ಯಾಟ್ರಿಸಸ್ ಎಂದೆ. ಡಸ್ಟರ್ ಕೈಗೆತ್ತಿಕೊಂಡು ಬೋರ್ಡಿನ ಕಡೆ ತಿರುಗಿದೆ, ಮತ್ತೆ ಮೇಜಿನ ಮೇಲೆ ಇಟ್ಟೆ. ಖಾಲಿ ಉಳಿದಿದ್ದ ಅರ್ಧದಲ್ಲೇ ಅವತ್ತಿನ ಪಾಠ ಮಾಡಿದೆ.